ತಣ್ಣಗೆ ಕುದಿಯುವ ನೀರು

ಹೊರಡುವ ಮುಂಚೆ

"ಒಮಾನಿಗೆ ಹೋಗಿ ಬಂದ್ರಂತಲ್ಲ ಟೀಚರ್, ಏನು ನೋಡಿದ್ರಿ?" ಎಂದು ಯಾರಾದರೂ ಕೇಳಿದರೆ ಇಷ್ಟು ದಿನ ನಾನು ಕೊಡುತ್ತಿದ್ದ ಉತ್ತರ ಒಂದೇ: "ಕಲ್ಲು." ಮೂಗಿನ ತುದಿಯಲ್ಲೇ ಕೋಪ ಇರುವ ಹೆಂಗಸು, ಇವಳನ್ನು ಇನ್ನೊಂದು ಮಾತು ಕೇಳುವುದು ಬೇಡ ಎಂದು ಅವರೂ ಸುಮ್ಮನಾಗುತ್ತಿದ್ದರು. ಸುಳ್ಳೇನೂ ಹೇಳಿದ್ದಲ್ಲ ನಾನು. ಅಷ್ಟು ದೂರ ಹೋಗಿ ನೋಡಿದ್ದು ಕಲ್ಲನ್ನೇ. ಹೋದ ವಾರ ಅಲೀಪುರದಿಂದ ಜಾಫರ್ ಸಾಬರು ಫೋನ್ ಮಾಡಿ, "ಟೀಚರಮ್ಮ, ಇನ್ನು ನೀವು ಯಾರಿಗೆ ಬೇಕಾದ್ರೂ ಹೇಳ್ಬೋದು, ಬರೀಬೋದು" ಅಂದರು. ಯಾಕೆ ಹಾಗಂದರು ಎಂಬುದು ಕೊನೆಗೆ ಬರುತ್ತದೆ.

ನಾನು ಚಿಂತಾಮಣಿಯ ಹೈಸ್ಕೂಲೊಂದರಲ್ಲಿ ವಿಜ್ಞಾನ ಹೇಳಿಕೊಡುವವಳು. ತವರು ಶಿಡ್ಲಘಟ್ಟ ತಾಲ್ಲೂಕಿನ ದಿಬ್ಬೂರಹಳ್ಳಿ. ತಮ್ಮ ಮುನಿರಾಜನಿಗೆ ಓದು ತಲೆಗೆ ಹತ್ತಲಿಲ್ಲ, ಬೋರ್‌ವೆಲ್ ಲಾರಿ ಹತ್ತಿದ. ನಮ್ಮ ಸೀಮೆಯಲ್ಲಿ ಅವನು ಕೊರೆಯದ ಊರಿಲ್ಲ. ಅವನ ಹೆಲ್ಪರ್ ಆಗಿದ್ದ ಹುಡುಗ ಮೆಹದಿ, ಜಾಫರ್ ಸಾಬರ ಒಬ್ಬನೇ ಮಗ. ಇಬ್ಬರೂ ಒಂದೇ ತಟ್ಟೆಯಲ್ಲಿ ಉಂಡವರು. ಒಮಾನಿನ ಬೆಟ್ಟಗಳಲ್ಲಿ ಬೋರ್ ಕೊರೆಯುವ ಕಂಪನಿಯೊಂದು ಕರೆದಾಗ ಇಬ್ಬರೂ ಕೂಡಿಯೇ ಹೋದರು.

ಆಮೇಲೆ ಒಂದು ದಿನ ಫೋನ್ ಬಂತು. ಬೋರಿನ ಬಾಯಲ್ಲಿ ಗ್ಯಾಸ್ ಹತ್ತಿಕೊಂಡು ಸಿಡಿಯಿತಂತೆ. ಮೆಹದಿ ಅಲ್ಲೇ ಹೋದ. ಮುನಿರಾಜನಿಗೆ ಮುಖ, ಕೈ ಸುಟ್ಟು, ಕಣ್ಣಿಗೆ ಪಟ್ಟಿ ಕಟ್ಟಿದ್ದಾರೆ. ಮೆಹದಿಯ ಮುಖ ನೋಡುವ ಹಾಗಿಲ್ಲ, ಇಲ್ಲೇ ಮಣ್ಣು ಮಾಡುವುದು ಒಳ್ಳೆಯದು ಎಂದು ಕಂಪನಿಯವರು ಹೇಳಿದ್ದಕ್ಕೆ ಸಾಬರು ಫೋನಿನಲ್ಲೇ ಹೂಂ ಅಂದಿದ್ದರು. ಹಾಗೆ ಹೂಂ ಅಂದ ದಿನದಿಂದ ಮೆಹದಿಯ ತಾಯಿ ಗಂಡನ ಜೊತೆ ಮಾತು ಬಿಟ್ಟಿದ್ದರು.

ನಾನು ತಮ್ಮನನ್ನು ಕರೆತರಲು ಹೊರಟೆ. ಸಾಬರು ಮಗನ ಗೋರಿ ನೋಡಲು ಹೊರಟರು. ದೇವನಹಳ್ಳಿ ವಿಮಾನ ನಿಲ್ದಾಣದಲ್ಲಿ ಅವರು ನನಗೆ ಹೇಳಿದ ಮೊದಲ ಮಾತು ಇದು: "ಅವನ ಅಮ್ಮ ಎರಡು ಕೇಳವ್ಳೆ ಟೀಚರಮ್ಮ. ಹೆಂಗೆ ಸತ್ತ ಅಂತ ತಿಳ್ಕೊಂಡು ಬರ್ಬೇಕಂತೆ. ಮತ್ತೆ, ಅವನ ಮೈಗೆ ತಗುಲಿದ್ದು ಏನಾದ್ರೂ ತರ್ಬೇಕಂತೆ. ಇವೆರಡು ಇಲ್ದೆ ಬಂದ್ರೆ ಹೊಸಿಲು ತುಳೀಬೇಡಿ ಅಂತ ಬೇರೆಯವರ ಬಾಯಲ್ಲಿ ಹೇಳ್ಸವ್ಳೆ."

ಮಸ್ಕತ್

ಇಳಿದ ಕೂಡಲೇ ನನ್ನದೊಂದು ಎಡವಟ್ಟು. ತಮ್ಮನಿಗೆಂದು ಡಬ್ಬಿ ತುಂಬ ರಾಗಿ ಹುರಿಹಿಟ್ಟು ಒಯ್ದಿದ್ದೆ. ತಪಾಸಣೆಯವನು ಡಬ್ಬಿ ತೆಗೆಸಿ, ಮೂಗಿನ ಹತ್ತಿರ ಹಿಡಿದು ಜೋರಾಗಿ ಉಸಿರೆಳೆದ. ಹಿಟ್ಟು ನೆತ್ತಿಗೇರಿ ಸೀನಿದ್ದೇ ಸೀನಿದ್ದು. ಅವನ ಬಿಳಿ ಸಮವಸ್ತ್ರ, ನನ್ನ ಸೀರೆ, ಹಿಂದೆ ನಿಂತವರ ಸೂಟ್‌ಕೇಸು, ಎಲ್ಲದರ ಮೇಲೂ ರಾಗಿ. ಬೇರೆ ದಿನವಾಗಿದ್ದರೆ ಬಿದ್ದು ಬಿದ್ದು ನಗುತ್ತಿದ್ದೆ. ಸಾಬರು ಮುಂದೆ ಬಂದು ಉರ್ದುವಿನಲ್ಲಿ ಏನೋ ಹೇಳಿದರು. ಅವನಿಗೆ ಅರ್ಥವಾಯಿತು. ಡಬ್ಬಿಗೆ ತಾನೇ ಮುಚ್ಚಳ ಹಾಕಿ, ಎದೆಯ ಮೇಲೆ ಕೈಯಿಟ್ಟು ಕಳಿಸಿದ.

"ಅವರ ಕೆಲಸ ಅವರು ಮಾಡ್ತಾರೆ ಬಿಡಮ್ಮ," ಅಂದರು ಸಾಬರು. "ಹೋದ ಸಲ ಮೆಹದಿ ರಜಕ್ಕೆ ಬಂದು ಹೋಗೋವಾಗ ನಿಮ್ಮ ತಮ್ಮನ ಪೂಜೆ ಸಾಮಾನೆಲ್ಲಾ ನಾನೇ ಗೌರಿಬಿದನೂರು ಪೇಟೇಲಿ ತಂದು, ಅಂಗಿ ಮಡಿಕೆ ಒಳಗೆ ಪೊಟ್ಟಣ ಕಟ್ಟಿ ಇಟ್ಟಿದ್ದೆ. ಅದನ್ನ ಯಾರೂ ಕೇಳ್ಲಿಲ್ಲ ನೋಡಿ."

ಆಗ ಆ ಮಾತು ನನ್ನ ಕಿವಿಗೆ ಬಿತ್ತು ಅಷ್ಟೆ.

ಆಸ್ಪತ್ರೆಯಲ್ಲಿ ರಕ್ತಸಂಬಂಧಿಗಳನ್ನು ಮಾತ್ರ, ಅದೂ ಒಬ್ಬೊಬ್ಬರನ್ನೇ, ಒಳಗೆ ಬಿಡುತ್ತಿದ್ದರು. ಸಾಬರು ಹೊರಗಿನ ಕುರ್ಚಿಯಲ್ಲಿ ಕೂತರು. ಒಳಗೆ ನನ್ನ ತಮ್ಮ ಮಲಗಿದ್ದ. ಮುಖದಲ್ಲಿ ಮೂಗು ಮತ್ತು ಬಾಯಿ ಬಿಟ್ಟರೆ ಉಳಿದದ್ದೆಲ್ಲ ಬಟ್ಟೆ. ನಾನು ಅಳಬಾರದು ಎಂದು ವಿಮಾನದುದ್ದಕ್ಕೂ ಅಂದುಕೊಂಡು ಬಂದವಳು, ಅವನ ಕಾಲಿನ ಹೆಬ್ಬೆರಳು ಕಂಡಿದ್ದೇ ಗೊಳೋ ಎಂದು ಅತ್ತೆ. ಚಿಕ್ಕಂದಿನಲ್ಲಿ ಎಡವಿ ಉಗುರು ಸೊಟ್ಟಗಾಗಿದ್ದ ಅದೇ ಹೆಬ್ಬೆರಳು.

"ಅಕ್ಕಾ, ಅಳ್ಬೇಡ ಕಣೇ. ಒಂದು ಕಣ್ಣು ಉಳಿಯತ್ತೆ ಅಂದವ್ರೆ," ಅಂದ.

"ಹೊರಗೆ ಮೆಹದಿ ಅಪ್ಪ ಕೂತವ್ರೆ ಕಣೋ. ಹೆಂಗಾಯ್ತು ಅಂತ ಕೇಳ್ತಾ ಇದ್ದಾರೆ. ಏನು ಹೇಳ್ಲಿ?"

ಅವನು ಮುಖ ಗೋಡೆಗೆ ತಿರುಗಿಸಿದ. ನಮ್ಮ ಮನೆಯಲ್ಲಿ ಎರಡು ಭಾಷೆ. ಹೆದರಿಕೆಯಾದಾಗ ಅವನ ಬಾಯಿಗೆ ಬರುವುದು ತೆಲುಗು. "ನಾಕೇಮೀ ಗುರ್ತು ಲೇದಕ್ಕಾ," ಅಂದ. ನನಗೆ ಏನೂ ನೆನಪಿಲ್ಲ ಅಕ್ಕಾ. ಎರಡನೇ ಸಲ ಕೇಳಿದೆ, ಅದೇ ಮಾತು. ಚಿಕ್ಕವನಿದ್ದಾಗ ಗಡಿಗೆ ಒಡೆದು ಇದೇ ಧ್ವನಿಯಲ್ಲಿ ಗೊತ್ತಿಲ್ಲ ಅನ್ನುತ್ತಿದ್ದವನು ಇವನು.

ಮುದ್ದೆ ಕಲ್ಲಿನ ಹಳ್ಳ

ಮರುದಿನ ಕಂಪನಿಯವರು ಬೋರಿನ ಜಾಗ ತೋರಿಸಲು ಕಾರು ಕಳಿಸಿದರು. ಜೊತೆಗೆ ಬಂದವನು ಸಾಲಿಂ, ಅಲ್ಲಿಯವನೇ, ಭೂವಿಜ್ಞಾನ ಓದಿದವನು. ಹಿಂದಿ ಚೆನ್ನಾಗಿ ಆಡುತ್ತಿದ್ದ. ಬೆಳ್ಳಗಿನ ಉದ್ದ ನಿಲುವಂಗಿ, ತಲೆಗೆ ಕಸೂತಿ ಟೋಪಿ. ಕಾರಿನ ಮೇಲೆ ಒಂದು ಕಲೆ ಕಂಡರೂ ನಿಲ್ಲಿಸಿ ಒರೆಸುವ ಅಭ್ಯಾಸ.

ಊರು ದಾಟಿದ ಮೇಲೆ ಬೆಟ್ಟ ಶುರುವಾಯಿತು. ಬೆಟ್ಟ ಅಂದರೆ ನನ್ನ ಕಣ್ಣಿಗೆ ನಂದಿಬೆಟ್ಟ. ದುಂಡಗೆ, ನುಣ್ಣಗೆ, ಮಳೆ ಬಿದ್ದರೆ ಮಿರಮಿರನೆ ಹೊಳೆಯುವ ಬಂಡೆ, ಸಂದಿಯಲ್ಲೆಲ್ಲ ಗಿಡ. ಇಲ್ಲಿಯದು ಕಂದು, ಕಪ್ಪು, ಎಲ್ಲೋ ಒಂದೊಂದು ಕಡೆ ಕೊಳೆತ ಹಸಿರು. ಗಿಡ ಇಲ್ಲ, ಹುಲ್ಲಿಲ್ಲ. ನಮ್ಮ ಕಡೆ ಕ್ರಷರಿನವರು ತಿಂದುಳಿಸಿದ ಗುಡ್ಡ ನೋಡಿದ್ದೀರಲ್ಲ, ಅಂಥ ಗುಡ್ಡ ಕಣ್ಣು ಹಾಯುವವರೆಗೂ. ಇದನ್ನು ಯಾರೂ ಒಡೆದಿಲ್ಲ, ಹುಟ್ಟಿದ್ದೇ ಹೀಗೆ ಅಂದ ಸಾಲಿಂ.

ಒಂದು ಒಣ ಹಳ್ಳದ ಹತ್ತಿರ ಕಾರು ನಿಲ್ಲಿಸಿದ. ದಡದ ಗೋಡೆಯ ತುಂಬ ಉಂಡೆ ಉಂಡೆ ಕಲ್ಲು, ಒಂದರ ಮೇಲೊಂದು. ದೊಡ್ಡ ಪಾತ್ರೆಯಲ್ಲಿ ರಾಗಿ ಮುದ್ದೆ ಒಟ್ಟಿದ ಹಾಗೆ.

"ಇದು ಸಮುದ್ರದ ತಳದಲ್ಲಿ ಉಕ್ಕಿದ ಲಾವಾ," ಅಂದ. ಬಿಸಿ ಲಾವಾ ತಣ್ಣೀರಿಗೆ ಬಿದ್ದೊಡನೆ ಹೊರಗೆ ಸಿಪ್ಪೆ ಕಟ್ಟಿ ಉಂಡೆಯಾಗುತ್ತದಂತೆ. ಉಂಡೆ ಬಿರಿದು ಇನ್ನೊಂದು ಉಂಡೆ. ಅದರ ಕೆಳಗೆ ಲಾವಾ ಮೇಲಕ್ಕೆ ಬಂದ ಬಿರುಕುಗಳೆಲ್ಲ ಕಲ್ಲಾಗಿ, ಚಪ್ಪಡಿ ನಿಲ್ಲಿಸಿದಂತೆ ಸಾಲು ಸಾಲು. ಇನ್ನೂ ಕೆಳಗೆ ನಿಧಾನವಾಗಿ ಆರಿದ ದಪ್ಪ ಹರಳಿನ ಕಲ್ಲು. ಎಲ್ಲಕ್ಕೂ ಅಡಿಯಲ್ಲಿ, ಯಾವ ಮನುಷ್ಯನೂ ಕಾಣಬಾರದಷ್ಟು ಆಳದ, ಭೂಮಿಯ ಒಡಲಿನದೇ ಕಲ್ಲು. ಒಂಬತ್ತು ಕೋಟಿ ವರ್ಷಕ್ಕೂ ಹಿಂದೆ ಹುಟ್ಟಿದ ಈ ಪೂರ್ತಿ ಪದರ, ಮೇಲಿನಿಂದ ತಳದವರೆಗೆ, ನೆಲದ ಮೇಲೆ ಹತ್ತಿ ಕೂತಿತು. ಹೀಗೆ ದಡ ಹತ್ತಿದ ಸಮುದ್ರದ ತಳಕ್ಕೆ ಓಫಿಯೊಲೈಟ್ ಎಂದು ಹೆಸರು. ಕಲ್ಲಿನ ಮೈ ಹಾವಿನ ಚರ್ಮದಂತೆ ಕಾಣುವುದರಿಂದ ಆ ಹೆಸರಂತೆ.

"ಯಾವ ಸಮುದ್ರದಲ್ಲಿ ಹುಟ್ಟಿತು ಅನ್ನೋದಕ್ಕೆ ಇನ್ನೂ ಜಗಳ ಇದೆ ಮೇಡಂ," ಎಂದು ಮುಂದುವರಿಸಿದ. ಲಾವಾವನ್ನು ಪುಡಿ ಮಾಡಿ ಪರೀಕ್ಷಿಸಿದರೆ ಟೈಟಾನಿಯಂ ಕಮ್ಮಿ, ನೀರಿನ ಜೊತೆ ಸಲೀಸಾಗಿ ಹರಿದು ಬರುವ ಧಾತುಗಳು ಜಾಸ್ತಿ. ಅಂದರೆ ನಡುಗಡಲಿನ ಬಿರುಕಿನಲ್ಲಿ ಸುಮ್ಮನೆ ಉಕ್ಕಿದ್ದಲ್ಲ. ಒಂದು ಸಮುದ್ರತಳ ಇನ್ನೊಂದರ ಅಡಿಗೆ ಮುಳುಗುತ್ತಿದ್ದ ಕಡೆ, ಮುಳುಗಿದ್ದು ಬಿಟ್ಟ ನೀರು ಸೇರಿ ಕರಗಿದ್ದು ಎಂದು ಹಲವರ ವಾದ.

ನನಗೆ ರೇಗಿತು. ಮಗ ಸತ್ತ ಮನುಷ್ಯನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಕಲ್ಲಿನ ಜಾತಕ ಓದುತ್ತಾನಲ್ಲ, ಇವನಿಗೆ ಮನೆಯಲ್ಲಿ ಯಾರೂ ಏನೂ ಹೇಳಿಕೊಟ್ಟಿಲ್ಲವೇ? "ಸಾಕು ನಡೀರಿ," ಅಂದೆ.

ಸಾಬರು ಕೈ ಅಡ್ಡ ಹಿಡಿದರು. "ಹೇಳ್ಲಿ ಬಿಡಮ್ಮ. ಮೊದಲಿಂದ ಹೇಳ್ಲಿ. ನನ್ನ ಮಗನ್ನ ತಿಂದಿದ್ದು ಈ ಕಲ್ಲು. ಇದು ಎಲ್ಲಿಂದ ಬಂತು ಅಂತ ಅವಳಿಗೆ ಹೇಳ್ಬೇಕಲ್ಲ ನಾನು."

ಅಲೀಪುರದಲ್ಲಿ ಹರಳಿನ ವ್ಯಾಪಾರ ಮಾಡಿದವರು ಅವರು. ಬಗ್ಗಿ ಹಸಿರು ಚೂರೊಂದನ್ನು ಎತ್ತಿ, ಉಗುರಿನಲ್ಲಿ ಕೆರೆದು, "ಮೆತ್ತಗೈತೆ. ಇದನ್ನ ಜೇಡ್ ಹರಳು ಅಂತ ಮಾರ್ತಾರೆ, ತಗೊಳ್ಳೋರೂ ಇದ್ದಾರೆ," ಅಂದರು. ಆ ಪ್ರಯಾಣದಲ್ಲಿ ಅವರು ಸ್ವಲ್ಪ ನಕ್ಕಂತೆ ಕಂಡದ್ದು ಆಗ ಮಾತ್ರ.

ಬೋರಿನ ಹತ್ತಿರ

ಸಾಲಿಂ ಕಾರನ್ನು ಬಹಳ ದೂರವೇ ನಿಲ್ಲಿಸಿ ಫೋನುಗಳನ್ನು ಕಾರಿನಲ್ಲೇ ಇಡಿಸಿದ. ನಡೆಯುತ್ತಾ ನನಗೆ ವಿವರಿಸಿದ. ಇಲ್ಲಿಯದು ಆ ಒಡಲಿನ ಕಲ್ಲು. ಅದರಲ್ಲಿ ಕಬ್ಬಿಣದ ಅಂಶ ತುಂಬ. ಆಳದಲ್ಲಿ ಗಾಳಿಯಿಲ್ಲದ ಕಡೆ ನೀರು ತಗುಲಿದರೆ ಆ ಕಬ್ಬಿಣ ನೀರಿನ ಆಮ್ಲಜನಕವನ್ನು ಕಿತ್ತುಕೊಳ್ಳುತ್ತದೆ. ಉಳಿದದ್ದು ಜಲಜನಕ. ಅದು ಗುಳ್ಳೆಯಾಗಿ ಮೇಲೆ ಬರುತ್ತದೆ. ಕಲ್ಲು ಉಬ್ಬಿ ಹಸಿರಾಗುತ್ತದೆ, ನೀರು ಸುಣ್ಣದ ತಿಳಿಯಾಗುತ್ತದೆ. ನಾನು ವರ್ಷವರ್ಷವೂ ಬೋರ್ಡಿನ ಮೇಲೆ ಬರೆಯುವ ಜಲಜನಕವೇ. ಬೆಂಕಿ ಕಡ್ಡಿ ಹಿಡಿದರೆ ಪಟ್ ಅನ್ನುತ್ತದೆ ಮಕ್ಕಳೇ ಎಂದು ಪ್ರನಾಳದಲ್ಲಿ ತೋರಿಸಿ ಚಪ್ಪಾಳೆ ಹೊಡೆಸಿಕೊಳ್ಳುವವಳು ನಾನು. ನಮ್ಮೂರ ಕಲ್ಲು ನೀರಿಗೆ ಫ್ಲೋರೈಡ್ ಬಿಡುತ್ತದೆ, ನಮ್ಮ ಹಲ್ಲು ಹಳದಿಯಾಗುತ್ತವೆ. ಕಲ್ಲಿನಿಂದ ಅಷ್ಟೇ ಕೇಡು ಎಂದುಕೊಂಡಿದ್ದೆ.

ಯಂತ್ರವನ್ನು ಸಾಗಿಸಿಬಿಟ್ಟಿದ್ದರು. ಸುತ್ತ ಬೇಲಿ, ಮೇಲೆ ನೆರಳಿನ ಬಲೆ. ನಡುವೆ ಬೋರಿಗೆ ಇಳಿಸಿದ ಮೊಣಕಾಲೆತ್ತರದ ಕೇಸಿಂಗ್ ಪೈಪು. ಅದರ ಬಾಯಲ್ಲಿ ನೀರು ಗುಳುಗುಳು ಅನ್ನುತ್ತಾ ಅಂಚಿನಿಂದ ಸಣ್ಣಗೆ ಒಸರುತ್ತಿತ್ತು. ಒಲೆಯ ಮೇಲಿನ ಎಸರಿನ ಹಾಗೆ ಕುದಿಯುತ್ತಿತ್ತು. ಬೆರಳಿಟ್ಟರೆ ಬಾವಿಯ ನೀರಿನಷ್ಟು ತಣ್ಣಗೆ, ಸೋಪು ಮುಟ್ಟಿದಂತೆ ಜಾರುತ್ತಿತ್ತು.

"ಮುಚ್ಚಳ ಹಾಕಿಟ್ಟಿದ್ದರಿಂದ ಒಳಗೆ ಗ್ಯಾಸ್ ತುಂಬಿತ್ತು. ರಜಾ ದಿನ, ಇವರಿಬ್ಬರೇ ಇದ್ದರು, ಬಿಚ್ಚಿದ್ದಾರೆ. ಕಿಡಿ ಹೇಗೆ ಬಂತು ಅಂತ ಯಾರಿಗೂ ತಿಳಿದಿಲ್ಲ," ಅಂದ ಸಾಲಿಂ. "ನಿಮ್ಮ ತಮ್ಮ ಬೀಡಿ ಕೂಡ ಸೇದುತ್ತಿರಲಿಲ್ಲ. ಕಬ್ಬಿಣಕ್ಕೆ ಕಬ್ಬಿಣ ತಾಗಿರಬೇಕು."

ಆಗ ಸಾಬರು "ಯಾ ಅಲ್ಲಾ" ಎಂದು ಪೈಪಿನ ಮುಂದೆ ಕೂತರು.

ಪೈಪಿನ ಮೈಮೇಲೆ, ಅಂಚಿನ ಕೆಳಗೆ, ನೀರು ಒಸರುವ ಕಡೆ, ಕೆಂಪು ಬಳಿದಂತಿತ್ತು. ಹಸಿ ಕೆಂಪು. ಸಾಬರು ಜೇಬಿನಿಂದ ಬಿಳಿ ಕರ್ಚೀಫು ತೆಗೆದು, ಮಗುವಿನ ಮುಖ ಒರೆಸುವಷ್ಟು ಮೆಲ್ಲಗೆ, ಅದನ್ನು ಒರೆಸಿಕೊಂಡರು. ಬಟ್ಟೆಯ ನಡುವೆ ಅಂಗೈಯಗಲ ಕೆಂಪಾಯಿತು. ಅದನ್ನು ಕಣ್ಣಿಗೆ ಒತ್ತಿಕೊಂಡು, "ನನ್ನ ಮಗನ ರಕ್ತ... ಕಾಯ್ತಾ ಇತ್ತಲ್ಲಪ್ಪ ನನ್ನನ್ನ," ಎಂದು ಅತ್ತರು. ಸಾಲಿಂ ತಲೆ ತಗ್ಗಿಸಿದ.

ನಾನು ಮಾತ್ರ ಆ ಪೈಪನ್ನೇ ನೋಡುತ್ತಾ ನಿಂತಿದ್ದೆ. ರಕ್ತವಾಗಿದ್ದರೆ ಇಷ್ಟು ದಿನಕ್ಕೆ ಕಪ್ಪಾಗಿ ಒಣಗಿರಬೇಕಿತ್ತು. ಒರೆಸಿ ಉಳಿದ ಕಡೆ ಮೂರು ಬೆರಳಿನ ಗುರುತು ಕಾಣುತ್ತಿತ್ತು, ಅಡ್ಡಕ್ಕೆ ಮೂರು ಗೆರೆ. ನಮ್ಮ ಮನೆಯ ಹೊಸಿಲಿಗೆ, ಬೋರ್ ಲಾರಿಯ ಬಂಪರಿಗೆ, ನೀರು ಬಿದ್ದ ಪ್ರತಿಯೊಂದು ಕೇಸಿಂಗಿಗೆ ಮುನಿರಾಜ ಬಳಿಯುವ ಗೆರೆ. ಅರಿಶಿನ. ಅರಿಶಿನಕ್ಕೆ ಸುಣ್ಣದ ನೀರು ಬಿದ್ದರೆ ಏನಾಗುತ್ತದೆ ಎಂದು ತಿಳಿಯಲು ವಿಜ್ಞಾನದ ಟೀಚರ್ ಆಗಬೇಕಿಲ್ಲ. ಆರತಿ ತಟ್ಟೆಯಲ್ಲಿ ಕೆಂಪು ಓಕುಳಿ ಕಲಸಿದ ಯಾವ ಹೆಂಗಸಿಗೂ ಗೊತ್ತು.

ಬೇಲಿಯ ಬುಡದಲ್ಲಿ ಕಲ್ಲುಗಳ ನಡುವೆ ತೆಂಗಿನಕಾಯಿಯ ಅರ್ಧ ಹೋಳು ಬಿದ್ದಿತ್ತು. ಒಳಗಿನ ಕೊಬ್ಬರಿ ಒಣಗಿ ಮುದುಡಿತ್ತು. ಕಾಯಿ ಒಡೆದವನು ಕರ್ಪೂರ ಹಚ್ಚದೆ ಬಿಡುತ್ತಾನೆಯೇ? ಕಿಡಿ ಎಲ್ಲಿಂದ ಬಂತು ಎಂದು ನನಗೆ ಗೊತ್ತಾಯಿತು. ಇಬ್ಬರೂ ನನ್ನ ಕಡೆ ನೋಡುತ್ತಿರಲಿಲ್ಲ. ಹೋಳನ್ನು ಎತ್ತಿ ನನ್ನ ಚೀಲಕ್ಕೆ ಹಾಕಿಕೊಂಡೆ.

ಎರಡು ಕಲ್ಲು

ಖಬರಸ್ಥಾನ ಹತ್ತಿರದ ಹಳ್ಳಿಯಲ್ಲಿತ್ತು. ಗೋರಿಗಳಿಗೆ ಹೆಸರಿಲ್ಲ, ಕಟ್ಟೆಯಿಲ್ಲ. ಗಂಡಸಾದರೆ ತಲೆಗೊಂದು ಕಾಲಿಗೊಂದು ಕಲ್ಲು, ಹೆಂಗಸಾದರೆ ಮೂರು ಎಂದು ಸಾಲಿಂ ಹೇಳಿದ. ಮೆಹದಿಗೆ ಎರಡು ಕಲ್ಲು. ಹಳ್ಳದಿಂದ ತಂದದ್ದು, ಅದೇ ಹಾವಿನ ಮೈಯ ಕಲ್ಲು. ಸಾಬರು ಅದನ್ನು ಗಮನಿಸಿದರು. ಮಣ್ಣಿನ ಮೇಲೆ ಬೆರಳಿಟ್ಟು ಬಹಳ ಹೊತ್ತು ಓದಿಕೊಂಡರು.

ಪಕ್ಕದ ಮನೆಯವರು ನಮ್ಮನ್ನು ಕರೆದು ಕೂರಿಸಿ ಖರ್ಜೂರ, ಸಣ್ಣ ಬಟ್ಟಲಲ್ಲಿ ಕಹಿ ಕಾಫಿ ಕೊಟ್ಟರು. ಕುಡಿದು ಬಟ್ಟಲು ಕೆಳಗಿಟ್ಟರೆ ಮತ್ತೆ ತುಂಬಿದರು. ಮತ್ತೆ ಕುಡಿದೆ, ಮತ್ತೆ ತುಂಬಿದರು. ನಮ್ಮ ಕಡೆಯಲ್ಲಿ ಎಲೆಯ ಮೇಲೆ ಕೈ ಅಡ್ಡ ಇಟ್ಟ ಹಾಗೆ ಬಟ್ಟಲಿಗೆ ಕೈ ಅಡ್ಡ ಇಟ್ಟೆ, ಅವರಿಗೆ ತಿಳಿಯಲಿಲ್ಲ. ಬಾಯೆಲ್ಲ ವಿಷದಂತಾಗಿತ್ತು. ಕೊನೆಗೆ ಆ ಮನೆಯ ಅಜ್ಜಿ ನನ್ನ ಬಟ್ಟಲನ್ನು ತೆಗೆದುಕೊಂಡು ಬೆರಳ ತುದಿಯಲ್ಲಿ ಅಲ್ಲಾಡಿಸಿ ತೋರಿಸಿದರು. ಹೀಗೆ ಅಲ್ಲಾಡಿಸಿದರೆ ಸಾಕು ಎಂದರ್ಥವಂತೆ. ಅವರ ಕೈ ನಮ್ಮಮ್ಮನ ಕೈಯಂತೆಯೇ ಇತ್ತು, ನನಗೆ ಅಳು ಬಂತು.

ವಾಪಸ್ ಬರುವಾಗ ಸಾಬರು ಮಡಿಸಿದ ಕರ್ಚೀಫನ್ನು ಎದೆಯ ಜೇಬಿನಲ್ಲಿಟ್ಟು ಮೇಲೆ ಕೈ ಮುಚ್ಚಿಕೊಂಡೇ ಕೂತಿದ್ದರು. "ಅವಳು ಕೇಳಿದ್ದು ಒಂದು ಸಿಕ್ತು ಟೀಚರಮ್ಮ. ಇನ್ನೊಂದು ಈ ಸಾಲಿಂಗೂ ಗೊತ್ತಿಲ್ಲ, ನಿಮ್ಮ ತಮ್ಮಂಗೂ ನೆನಪಿಲ್ಲ. ಹೋಗ್ಲಿ. ಇದು ಸಾಕು ಅವಳಿಗೆ."

ಅದು ಅರಿಶಿನ ಎಂದು ಹೇಳಿದರೆ ಅವರ ಕೈಯಲ್ಲಿದ್ದ ಮಗನನ್ನು ಕಿತ್ತುಕೊಂಡಂತೆ. ಜೊತೆಗೆ ಅವನನ್ನು ಕೊಂದವನು ನನ್ನ ತಮ್ಮ ಎಂದು ಒಪ್ಪಿಸಿದಂತೆ. ಹೇಳದಿದ್ದರೂ ಉಳಿಯುವುದಿಲ್ಲ ಎಂಬುದೂ ಗೊತ್ತಿತ್ತು. ಬಟ್ಟೆ ಒಣಗಿ, ಗಾಳಿಗೆ ಸುಣ್ಣದ ಕ್ಷಾರ ಇಳಿದರೆ, ಅರಿಶಿನ ಮತ್ತೆ ಅರಿಶಿನವೇ ಆಗುತ್ತದೆ.

ಬೆಳಗಿನ ಚಹಾ

ಬೆಳಿಗ್ಗೆ ನಾವು ಉಳಿದಿದ್ದ ಜಾಗದ ಕ್ಯಾಂಟೀನಿಗೆ ಇಳಿದೆ. ಹೇಳಿಬಿಡುವುದೆಂದು ಗಟ್ಟಿ ಮಾಡಿಕೊಂಡೇ ಇಳಿದಿದ್ದೆ. ಸಾಬರು ಮೊದಲೇ ಬಂದು ಕೂತಿದ್ದರು. ಚಹಾ ಮುಟ್ಟಿರಲಿಲ್ಲ. ಮೇಜಿನ ಮೇಲೆ ಕರ್ಚೀಫು ಬಿಚ್ಚಿಟ್ಟಿತ್ತು. ನಡುವೆ ಅಂಗೈಯಗಲ ಹಳದಿ.

"ಟೀಚರಮ್ಮ, ರಕ್ತ ಹಳದಿ ಆಗತ್ತಾ?"

ನಾನು ಕೂತೆ. "ಇಲ್ಲ ಸಾಬ್ರೇ."

"ಮೂಸಿ ನೋಡ್ದೆ," ಅಂದರು. "ನಮ್ಮ ಮನೆ ಅಡುಗೆ ವಾಸನೆ."

ಎಲ್ಲವನ್ನೂ ಹೇಳಿದೆ. ಸುಣ್ಣದ ನೀರು, ಮೂರು ಗೆರೆ, ತೆಂಗಿನಕಾಯಿ, ಕರ್ಪೂರ. ನಮ್ಮಲ್ಲಿ ಬೋರಿಗೆ ನೀರು ಬಿದ್ದರೆ ಗಂಗಮ್ಮನ ಪೂಜೆ ಮಾಡದೆ ಯಾರೂ ಊಟಕ್ಕೆ ಕೂರುವುದಿಲ್ಲ ಎಂಬುದು ಅವರಿಗೂ ಗೊತ್ತಿದ್ದದ್ದೇ. ಕೊನೆಗೆ ಚೀಲದಿಂದ ಆ ಹೋಳನ್ನು ತೆಗೆದು ಕರ್ಚೀಫಿನ ಪಕ್ಕ ಇಟ್ಟೆ. ಬೈಯಲಿ, ಮೇಜು ಒದೆಯಲಿ ಎಂದು ಕಾದೆ. ಅವರು ಕರ್ಚೀಫನ್ನು ನಾಲ್ಕು ಮಡಿಕೆ ಮಾಡಿದರು.

"ನಿಮ್ಮ ತಮ್ಮನ ಬಾಯಲ್ಲಿ ಕೇಳ್ಬೇಕು ನಾನು," ಅಂದರು.

ಮತ್ತೆ ಆಸ್ಪತ್ರೆ

ಮಲಯಾಳಿ ನರ್ಸಮ್ಮನಿಗೆ ಕೈ ಮುಗಿದು ಇಬ್ಬರನ್ನೂ ಒಳಗೆ ಬಿಡಿಸಿಕೊಂಡೆ. ಮುನಿರಾಜನಿಗೆ ಹೆಜ್ಜೆ ಸಪ್ಪಳದಲ್ಲೇ ಗೊತ್ತಾಯಿತು. "ಯಾರಕ್ಕಾ ಜೊತೆಗೆ?"

"ನಾನಪ್ಪ, ಮೆಹದಿ ಅಪ್ಪ."

ಅವನ ಎದೆ ಏರಿಳಿಯತೊಡಗಿತು. ನಾನು ಹೇಳಿದೆ: "ಅರಿಶಿನ ನೋಡಿದ್ವಿ ಕಣೋ ಮುನಿ. ಇನ್ನು ನೆನಪಿಲ್ಲ ಅನ್ಬೇಡ."

ಅವನು ಒಂದೇ ಸಮನೆ ಮಾತಾಡಿದ. "ಮುಚ್ಚಳ ಬಿಚ್ಚಿದ್ವಿ, ನೀರು ಬಾಯಿಗಂಟ ಬಂದಿತ್ತು ಸಾಬ್ರೇ. ನಮ್ಮ ಕಡೆ ಸಾವಿರದೈನೂರು ಅಡಿ ಇಳಿದ್ರೂ ಬರೀ ಧೂಳು. ಎಷ್ಟು ಜನದ ಮುಂದೆ ತಲೆ ತಗ್ಗಿಸ್ಕೊಂಡು ಲಾರಿ ತಿರುಗಿಸಿವ್ನಿ ನಾನು. ಇಲ್ಲಿ ತಾನಾಗೇ ಮೇಲ್ ಬಂದವ್ಳೆ ಗಂಗಮ್ಮ. ಸುಮ್ನೆ ಹೆಂಗೆ ಬ್ಯಾಕ್ ಹೋಗೋದು? ಬೀಡಿ ಸೇದಬಾರದು ಅಂದಿದ್ರು. ಕ್ಯಾಂಪಿಗೆ ಬಂದ ಮೇಲೆ ಬೀಡಿ ಮುಟ್ಟೇ ಇಲ್ಲ, ದೇವ್ರಾಣೆ. ಕರ್ಪೂರನೂ ಬೆಂಕಿ ಅಂತ ಹೊಳೀಲೇ ಇಲ್ಲ ನಂಗೆ. ಅದು ಪೂಜೆ ಅಲ್ವಾ..."

"ಮೆಹದಿ ಏನು ಮಾಡ್ತಿದ್ದ?"

"ಬಗ್ಗಿ ನೋಡ್ತಿದ್ದ. ಕೈ ಅದ್ದಿ, 'ಅಣ್ಣಾ, ನೀರು ಕುದೀತೈತೆ, ಮುಟ್ಟಿದ್ರೆ ತಣ್ಣಗೈತೆ' ಅಂದ. ನಗ್ತಾ ಇದ್ದ. ಆಮೇಲೆ ಸದ್ದು. ಉರಿ ಹತ್ತಿದ್ದು ಕಣ್ಣಿಗೆ ಕಾಣ್ಲೇ ಇಲ್ಲ ಸಾಬ್ರೇ. ಮೈ ಸುಡ್ತಾ ಐತೆ, ಬೆಂಕಿ ಕಾಣ್ತಾ ಇಲ್ಲ."

ಅದು ನಿಜ. ಜಲಜನಕ ಉರಿದರೆ ಹಗಲು ಬೆಳಕಿನಲ್ಲಿ ಜ್ವಾಲೆ ಕಾಣುವುದಿಲ್ಲ. ಅದನ್ನೂ ನಾನೇ ಪಾಠ ಮಾಡುತ್ತೇನೆ.

"ನಗ್ತಾ ಇದ್ನಾ?" ಎಂದು ಸಾಬರು ಇನ್ನೊಮ್ಮೆ ಕೇಳಿದರು.

"ಹೂಂ ಸಾಬ್ರೇ. ನನ್ನ ಕೊಂದ್ಬಿಡಿ ಸಾಬ್ರೇ."

ಸಾಬರು ಎದ್ದರು. ಕ್ಷಮಿಸಿದೆ ಅನ್ನಲಿಲ್ಲ, ಮೈ ಮುಟ್ಟಲಿಲ್ಲ. ಬಾಗಿಲ ಹತ್ತಿರ ನಿಂತು, ಯಾರಿಗೆ ಹೇಳಿದರೋ, "ಆ ಪೊಟ್ಟಣ ಕಟ್ಟಿದ್ದು ನಾನು," ಅಂದರು. "ಅಂಗಡಿಯವನು ಸಣ್ಣ ಡಬ್ಬಿ ಕರ್ಪೂರ ಕೊಟ್ಟ. ದೂರದ ಊರು, ಸಾಕಾಗಲ್ಲ ಅಂತ ದೊಡ್ಡದು ತಗೊಂಡೆ." ಹೊರಗೆ ಹೋದರು. ಮುನಿರಾಜ ಪಟ್ಟಿ ಕಟ್ಟಿದ ಎರಡೂ ಕೈಗಳನ್ನು ಗಾಳಿಯಲ್ಲಿ ಎತ್ತಿಕೊಂಡೇ ಇದ್ದ. ನಾನು ಹಿಡಿದು ಕೆಳಗಿಳಿಸಿದೆ.

ಮಂಚೇನಹಳ್ಳಿ

ಡಾಕ್ಟರು ಬಲಗಣ್ಣಿನ ಪಟ್ಟಿ ಬಿಚ್ಚಿ, ಹೊರಡಬಹುದು ಎಂದ ಮೇಲೆ ಮೂವರೂ ಒಟ್ಟಿಗೆ ಮರಳಿದೆವು. ವಿಮಾನದಲ್ಲಿ ಸಾಬರು ಬೇರೆ ಸಾಲಿನಲ್ಲಿ ಕೂತರು. ದೇವನಹಳ್ಳಿಯಿಂದ ಒಂದೇ ಕಾರು. ಮೊದಲು ಅವರನ್ನು ಅಲೀಪುರಕ್ಕೆ ಬಿಟ್ಟು ನಾವು ಹಿಂದಿರುಗುವುದೆಂದು ಮಾತು. ನಂದಿಬೆಟ್ಟ ಕಂಡಾಗ ನನಗೆ ಹಿತವೆನಿಸಲಿಲ್ಲ. ದುಂಡಗಿನ ಆ ಬಂಡೆಯ ಮೇಲೂ ಸಿಟ್ಟು ಬಂತು.

ಮಂಚೇನಹಳ್ಳಿ ಬಸ್ ನಿಲ್ದಾಣದ ಎದುರು ಸಾಬರು ಕಾರು ನಿಲ್ಲಿಸಿದರು. ಬೀಡಾ ಅಂಗಡಿಗೆ ಹೋಗಿ, ಒಂದು ವೀಳ್ಯದೆಲೆಯ ಮೇಲೆ ಬೆರಳಿನಷ್ಟು ಸುಣ್ಣ ಹಾಕಿಸಿಕೊಂಡು ಬಂದರು. ನನ್ನ ಕಿಟಕಿಯ ಹತ್ತಿರ ನಿಂತು ಎಲೆಯನ್ನು ಮುಂದೆ ಹಿಡಿದರು.

"ಇಷ್ಟು ಸಾಕೇನಮ್ಮ?"

ನನಗೆ ಒಂದು ಗಳಿಗೆ ಅರ್ಥವಾಗಲಿಲ್ಲ. ಅವರು ಎದೆ ಜೇಬಿನಿಂದ ಕರ್ಚೀಫು ತೆಗೆದಾಗ ಅರ್ಥವಾಯಿತು.

"ಹೆಂಗೆ ಸತ್ತ ಅಂತ ಅವಳಿಗೆ ಹೇಳೋಕೆ ಆಗಲ್ಲ ನನ್ನ ಕೈಲಿ. ಪೊಟ್ಟಣ ಕಟ್ಟೋವಾಗ ದಾರ ಕೊಟ್ಟವಳು ಅವಳೇ," ಅಂದರು. "ಇದೊಂದನ್ನಾದ್ರೂ ಕೊಡ್ಬೇಕು."

ನೀರಿನ ಬಾಟಲಿಯ ಮುಚ್ಚಳದಲ್ಲಿ ಸುಣ್ಣ ಕದಡಿದೆ. ಎರಡು ಹನಿ ಬಿಟ್ಟೆ. ಬಟ್ಟೆ ಅವರ ಅಂಗೈಯಲ್ಲೇ ಕೆಂಪಾಯಿತು. "ಒಣಗಿದ್ರೆ ಮತ್ತೆ ಹೋಗತ್ತೆ ಸಾಬ್ರೇ," ಅಂದೆ.

"ಮತ್ತೆ ಹಾಕ್ತೀನಿ."

ಹಿಂದಿನ ಸೀಟಿನಲ್ಲಿ ಒರಗಿದ್ದ ಮುನಿರಾಜ ಉಳಿದ ಒಂದು ಕಣ್ಣಿನಿಂದ ಆ ಕೆಂಪನ್ನು ನೋಡಿ, ಆ ಕಣ್ಣನ್ನೂ ಮುಚ್ಚಿಕೊಂಡ.

ಅಲೀಪುರದ ಫೋನು

ಆಮೇಲೆ ಮುನಿರಾಜ ಬೋರ್ ಲಾರಿ ಹತ್ತಲಿಲ್ಲ. ದಿಬ್ಬೂರಹಳ್ಳಿಯಲ್ಲಿ ಹಿಪ್ಪುನೇರಳೆ ಸೊಪ್ಪು ಕುಯ್ದು ರೇಷ್ಮೆ ಹುಳುಗಳಿಗೆ ಹಾಕುತ್ತಾನೆ. ಮನೆಯಲ್ಲಿ ದೀಪ ಹಚ್ಚುವಾಗ ಎದ್ದು ಹೊರಗೆ ಹೋಗುತ್ತಾನೆ. ಮೆಹದಿಯ ತಾಯಿ ಆ ಕರ್ಚೀಫನ್ನು ಗಾಜಿನ ಡಬ್ಬಿಯಲ್ಲಿಟ್ಟು ಬೀರುವಿನೊಳಗೆ ಇಟ್ಟಿದ್ದರಂತೆ. ಗಂಡನ ಜೊತೆ ಮತ್ತೆ ಮಾತಾಡಿದರಂತೆ. ಆ ತಾಯಿ ಡಬ್ಬಿ ತೆಗೆಯುವ ಮುಂಚೆ, ಪ್ರತಿ ಸಲವೂ, ಸಾಬರು ತಾವು ಮೊದಲು ಸುಣ್ಣ ಹಿಡಿದು ಬೀರುವಿನ ಹತ್ತಿರ ಹೋಗಿ ಬರುತ್ತಿದ್ದರಂತೆ.

ಹೋದ ವಾರದ ಫೋನಿನಲ್ಲಿ ಇದೆಲ್ಲ ಹೇಳಿ, "ಅವಳು ಹೋದಳು ಟೀಚರಮ್ಮ," ಅಂದರು. "ಮಗಂದು ನನ್ನ ಜೊತೆಗೇ ಇಡಿ ಅಂದಿದ್ಲು. ಮೈಗೆ ಸುತ್ತೋ ಕಫನ್ ಬಟ್ಟೆಯೊಳಗೆ ಇಟ್ಟೆ. ಇಡೋ ಮುಂಚೆ ಒಂದು ಸಲ ಸುಣ್ಣದ ನೀರಲ್ಲಿ ನೆನೆಸ್ದೆ. ಕೆಂಪಗೇ ಇತ್ತು."

ಆ ಕಡೆಯಿಂದ ಅವರೇ ಮಾತು ಮುಂದುವರಿಸಿದರು.

"ರಕ್ತ ಆಗಿದ್ರೆ ಇಡೋಕೆ ಬಿಡ್ತಿರ್ಲಿಲ್ಲಮ್ಮ ನಮ್ಮಲ್ಲಿ. ಕಫನಿಗೆ ರಕ್ತ ಸೋಕಬಾರದು. ಅರಿಶಿನ ಆಗಿದ್ದಕ್ಕೆ ಇಟ್ಟೆ."